ಪದ್ಮಕ್ಕನ ಪ್ರೋಟೀನು, ನಮ್ಮಮ್ಮನ ಮಾತು

ಬೇರೆಯವರು ಮೊಬೈಲ್ ತೆಗೆದು ಮೊಮ್ಮಕ್ಕಳ ಫೋಟೊ ತೋರಿಸಿದರೆ, ಪದ್ಮಕ್ಕ ಕಂಪ್ಯೂಟರು ಊಹಿಸಿ ಬರೆದ ತನ್ನ ಪ್ರೋಟೀನಿನ ಚಿತ್ರ ತೋರಿಸುತ್ತಿದ್ದಳು. ಬಣ್ಣಬಣ್ಣದ ರಿಬ್ಬನ್ನುಗಳು ಸುತ್ತಿಕೊಂಡು ಬಿದ್ದಂತಿರುತ್ತಿತ್ತು. "ಎಷ್ಟು ಚೆನ್ನಾಗಿದೆ ನೋಡೋ!" ಎನ್ನುವಳು. ಯಾವ ಕಡೆಯಿಂದ ನೋಡಬೇಕೆಂದೇ ತಿಳಿಯದೆ ನಾನು ಫೋನನ್ನು ತಿರುಗಿಸುತ್ತಿದ್ದೆ.

ಪದ್ಮಕ್ಕ ನಗರಗೆರೆಯ ನನ್ನ ಸೋದರಮಾವನ ಮಗಳು, ಬೆಂಗಳೂರಿನಲ್ಲಿ ಪ್ರೊಫೆಸರು. ಕೈ ನಡುಗುವ ಕಾಯಿಲೆಯವರ ಮೆದುಳಿನಲ್ಲಿ ಯಾವುದೋ ಪ್ರೋಟೀನು ಗಂಟುಕಟ್ಟುತ್ತದಂತೆ. ಆ ಗಂಟಿನ ಆಕಾರ ಹುಡುಕುವುದರಲ್ಲೇ ಅವಳ ತಲೆ ನರೆಯಿತು. "ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬಿಚ್ಚೋಕೆ ಮೊದಲು ಎಳೆ ತುದಿ ಹುಡುಕಲ್ವಾ? ನಾನಿನ್ನೂ ತುದಿ ಹುಡುಕ್ತಿದೀನಿ ಕಣಪ್ಪ" ಎನ್ನುತ್ತಿದ್ದಳು.

ಹಾಳಾದ ಅದೇ ಕಾಯಿಲೆ ನಮ್ಮಮ್ಮನಿಗೆ ಬಂತು. ಸಾರು ಮೈಮೇಲೆ ಚೆಲ್ಲಿಕೊಳ್ಳುತ್ತೇನೆಂಬ ನಾಚಿಕೆಗೆ ಅಮ್ಮ ಮದುವೆಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟಳು. ನಮಗೋ ಒಂದು ಧೈರ್ಯ, ಪದ್ಮಕ್ಕ ಇದ್ದಾಳಲ್ಲ ಎಂದು.

ಒಂದು ಭಾನುವಾರ ಚಿಂತಾಮಣಿಯ ನಮ್ಮ ಮನೆಗೆ ಅವಳು ಮೈಸೂರುಪಾಕಿನ ಡಬ್ಬ ಹಿಡಿದು ಬಂದಳು. "ಆಕಾರ ಸಿಕ್ತು ಅತ್ತೆ!" ನಾವು ದೇವರ ಮುಂದೆ ತೆಂಗಿನಕಾಯಿಯನ್ನೇ ಒಡೆದುಬಿಟ್ಟೆವು. ನಮ್ಮ ಚಿಕ್ಕಪ್ಪ ಕೇಳಿದರು: "ಏಮ್ಮಾ ಪದ್ಮಾ, ಮಾತ್ರೆ ದಿನಕ್ಕೆ ಎಷ್ಟು ಸಲ?"

"ಮಾತ್ರೆ ಇಲ್ಲ ಮಾವ. ಆಕಾರ ಸಿಕ್ಕಿದೆ, ಅಷ್ಟೆ."

"ಮತ್ತೆ ಸ್ವೀಟ್ ಯಾಕಮ್ಮ ತಂದೆ?"

ಪಾಪ, ಅವಳ ಮುಖ ಸಪ್ಪಗಾಯಿತು. ನನಗೂ ತಲೆಬುಡ ಅರ್ಥವಾಗಲಿಲ್ಲ. ಒಡೆದ ಕಾಯಿ ಚಟ್ನಿಗೆ ಹೋಯಿತು.

ಅಮ್ಮ ಮಾತ್ರ ಮೆಲ್ಲಗೆ ಕೇಳಿದಳು: "ನನ್ನ ಕಾಲಕ್ಕೆ ಔಷಧಿ ಬರುತ್ತೇನೇ?"

ಪದ್ಮಕ್ಕನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಇಲ್ಲ ಅತ್ತೆ" ಎಂದಳು.

"ಹೋಗ್ಲಿ ಬಿಡು. ಮುಂದಿನ ಕೆಲಸಕ್ಕೆ ನಿಂಗೇನು ಬೇಕು?"

"ಈ ಕಾಯಿಲೆಯೋರ ಮೆದುಳು ಬೇಕು. ಸತ್ತ ಮೇಲೂ ಕೊಡೋರು ಕಮ್ಮಿ."

"ಅಷ್ಟೇನಾ? ನಂದು ತಗೊಳ್ಳೇ. ಹೋಗೋವಾಗ ನಾನೇನು ಹೊತ್ಕೊಂಡು ಹೋಗ್ತೀನಾ?" ಎಂದ ಅಮ್ಮ ನನ್ನತ್ತ ತಿರುಗಿದಳು. "ಕೇಳಿಸ್ಕೊಂಡ್ಯೇನೋ?"

ಪದ್ಮಕ್ಕ ಡಬ್ಬ ತೆಗೆದು ಅಮ್ಮನ ಬಾಯಿಗೊಂದು ಚೂರು ಮೈಸೂರುಪಾಕು ಇಟ್ಟಳು. ಆಮೇಲೆ ಅವಳು ಫೋನ್ ಮಾಡಿದಾಗಲೆಲ್ಲ ಅಮ್ಮ, "ನಿನ್ನ ಸಾಮಾನು ಭದ್ರವಾಗಿದೆ ಕಣೇ" ಎಂದು ರೇಗಿಸುತ್ತಿದ್ದಳು.

ಹೋದ ವರ್ಷ ಅಮ್ಮ ತೀರಿಕೊಂಡಳು. ಬೆಳಗ್ಗೆಯೇ ಪದ್ಮಕ್ಕ ಬಂದಳು. ಹೆಣವನ್ನು ಕುಯ್ಯುವುದಾ ಎಂದು ಚಿಕ್ಕಪ್ಪ ಕೂಗಾಡಿದರು. ಅಮ್ಮನ ಮಾತು ದೊಡ್ಡದು ಎಂದು ಅವರ ಬಾಯಿ ಮುಚ್ಚಿಸಿ, ಪದ್ಮಕ್ಕನನ್ನು ಹಿತ್ತಲಿಗೆ ಕರೆದೊಯ್ದೆ.

"ಯಾರಿಗೆ ಫೋನ್ ಮಾಡ್ಲಿ ಹೇಳಕ್ಕ. ಹೊತ್ತಾದ್ರೆ ಕೆಡುತ್ತೆ ಅಂತ ನೀನೇ ಹೇಳಿದ್ದೆ."

"ಬೇಡ ಕಣೋ."

"ಅಮ್ಮ ಮಾತು ಕೊಟ್ಟಿದ್ಲಲ್ಲ?"

"ಅತ್ತೆ ಕೊಟ್ರು. ನನ್ನ ಕೈಲಿ ತಗೊಳ್ಳಕ್ಕಾಗ್ತಿಲ್ಲ" ಎಂದವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮಧ್ಯಾಹ್ನ ಮಣ್ಣು ಮಾಡಿದೆವು. ಅವತ್ತು ಹೋದ ಪದ್ಮಕ್ಕ ಮತ್ತೆ ನಮ್ಮ ಮನೆಗೆ ಬಂದಿಲ್ಲ. ಅಮ್ಮನ ಮಾತು ನಡೆಸದೆ ಹೋದದ್ದು ತಪ್ಪೋ, ಅದೇ ಸರಿಯೋ, ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಮೊನ್ನೆ ಗೌರಿಬಿದನೂರಿನ ನೆಂಟರೊಬ್ಬರು ಸಿಕ್ಕಿದ್ದರು. ಅಲ್ಲಿ ಯಾರದೋ ಸಾವಿನ ಮನೆಯ ಬಾಗಿಲಲ್ಲಿ ಪದ್ಮಕ್ಕ ಕೈಮುಗಿದು ನಿಂತಿದ್ದಳಂತೆ, ಸತ್ತವರ ಮೆದುಳು ಕೊಡಿ ಎಂದು ಕೇಳುತ್ತ.