ಅಳಿಸುವ ಮೊದಲು ಕೇಳುವ ಮುನೀಂದ್ರ

ಯಲಹಂಕದ ಖಾಸಗಿ ತರಬೇತಿ ಕೇಂದ್ರವೊಂದರ ಮೂರನೇ ಮಹಡಿ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಏರ್‌ಪೋರ್ಟ್ ಕಡೆ ಓಡುವ ಟ್ಯಾಕ್ಸಿಗಳ ಸದ್ದು ಕೆಳಗಿನಿಂದ ಕೇಳುತ್ತದೆ. ಮುನೀಂದ್ರ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಲ್ಯಾಬ್ ಒಳಗೆ ಬರುತ್ತಾರೆ. ಒಂದೊಂದೇ ಕಂಪ್ಯೂಟರ್ ಆನ್ ಮಾಡುತ್ತಾರೆ. ತರಗತಿ ಶುರುವಾಗುವುದರೊಳಗೆ ಈ ಕೋಣೆಯ ಎಲ್ಲ ಯಂತ್ರಗಳನ್ನೂ ಹೊಸದಾಗಿ ಸಜ್ಜು ಮಾಡಬೇಕು. ಆದರೆ ಅವರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಮೊದಲನೆಯ ಯಂತ್ರದ ಮುಂದೆ ಕುಳಿತು ಅದರಲ್ಲಿ ಯಾರ ಫೋಟೋ ಇದೆ, ಯಾರ ಹಾಡು ಇದೆ, ಯಾರ ಪ್ರಾಜೆಕ್ಟ್ ಇದೆ ಎಂದು ಹುಡುಕುತ್ತಾರೆ. ಸಿಕ್ಕಿದ್ದನ್ನೆಲ್ಲ ತಮ್ಮ ಸ್ವಂತ ಡಿಸ್ಕಿಗೆ ತುಂಬಿಕೊಳ್ಳುತ್ತಾರೆ. ಯಾರೂ ಅವರಿಗೆ ಈ ಕೆಲಸ ಹೇಳಿಲ್ಲ.

“ಆಫೀಸಿನವ್ರು ಬೈತಾರೆ ಸಾರ್. ಏನ್ರೀ, ಇನ್ನೂ ಶುರುನೇ ಮಾಡಿಲ್ವಾ ಅಂತಾರೆ,” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಅವರ ಕೆಲಸವನ್ನು ಅವರ ಮಾತಿನಲ್ಲೇ ಕೇಳಬೇಕು. “ಒಂದು ಸಿಸ್ಟಮ್ ಪೂರ್ತಿ ರೆಡಿ ಮಾಡ್ತೀನಿ. ವಿಂಡೋಸು, ಕನ್ನಡ ಟೈಪಿಂಗು, ಅಕೌಂಟ್ಸು, ಎಲ್ಲಾ. ಅದರದ್ದು ಒಂದು ಬ್ಯಾಕಪ್ ತಗೋತೀನಿ. ಅದನ್ನೇ ಕೇಬಲ್‌ನಲ್ಲಿ ಎಲ್ಲಾದಕ್ಕೂ ಒಟ್ಟಿಗೆ ಕಳಿಸ್ತೀನಿ. ಒಂದೇ ಹಿಟ್ಟು, ಅಷ್ಟೂ ದೋಸೆ. ಹಿಟ್ಟು ಹುಳಿ ಬಂದಿದ್ರೆ ಎಲ್ಲಾ ದೋಸೆನೂ ಹುಳಿ. ಅದನ್ನಾದ್ರೂ ಸರಿ ಮಾಡ್ಬೋದು ಸಾರ್. ಆದ್ರೆ ಮೊದ್ಲು ಆ ಸಿಸ್ಟಮ್‌ನಲ್ಲಿ ಏನಿತ್ತೋ ಅದೆಲ್ಲಾ ಹೋಗುತ್ತೆ. ಹೊಸದು ಕೂತ್ಕೊಂಡ್ ಮೇಲೆ ಹಳೇದು ಇತ್ತು ಅನ್ನೋ ಗುರುತೂ ಕಾಣಲ್ಲ.”

ಮುನೀಂದ್ರ ಜಕ್ಕೂರಿನ ಹಳೆ ಊರಿನವರು. ಅಪಾರ್ಟ್‌ಮೆಂಟುಗಳ ಹಿಂದೆ ಇಳಿದು ಹೋಗುವ ಓಣಿಯಲ್ಲಿ ಹೆಂಚಿನ ಮನೆ. ತಂದೆ ಮುನಿಕೃಷ್ಣಪ್ಪ ವಿಮಾನ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಡಿಪ್ಲೊಮಾ ಅರ್ಧಕ್ಕೆ ನಿಂತಾಗ ಮಗ ಆರ್.ಟಿ. ನಗರದ ಸೈಬರ್ ಸೆಂಟರ್ ಒಂದರಲ್ಲಿ ಕೆಲಸಕ್ಕೆ ಸೇರಿದರು. ರಿಪೇರಿ ಕಲಿತದ್ದು ಅಲ್ಲೇ. ಈಗ ಹೆಬ್ಬಾಳದಿಂದ ಯಶವಂತಪುರದವರೆಗೆ ಕಾಲೇಜು, ತರಬೇತಿ ಕೇಂದ್ರಗಳ ಲ್ಯಾಬುಗಳಿಗೆ ಗುತ್ತಿಗೆ ಮೇಲೆ ಹೋಗುತ್ತಾರೆ. ಯಾವ ಸಂಸ್ಥೆಯ ಸಿಬ್ಬಂದಿ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಮಕ್ಕಳು ಬರುವ ಹೊತ್ತಿಗೆ ಅವರು ಹೊರಟಿರುತ್ತಾರೆ.

ಹುಡುಕಿ ನೋಡುವ ಈ ಅಭ್ಯಾಸ ಮೊದಲು ಅವರಿಗಿರಲಿಲ್ಲ. ಅದು ಬಂದದ್ದು 2013ರ ಬೇಸಿಗೆ ರಜೆಯ ನಂತರ.

ಇದೇ ಕೇಂದ್ರದಲ್ಲಿ ಆಗ ಗೋಪಾಲಮ್ಮ ಎಂಬ ಆಯಾ ಇದ್ದರು. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಮಗಳನ್ನು ಸಾಕಿಕೊಂಡಿದ್ದ ಹೆಂಗಸು. ಮಗಳು ಪದ್ಮಶ್ರೀ ಪಿಯುಸಿ ಮುಗಿಸಿ ಗಾರ್ಮೆಂಟ್ಸ್‌ಗೆ ಸೇರಿದ್ದಳು. ಮೊದಲ ಸಂಬಳದಲ್ಲಿ ಒಂದು ಮೊಬೈಲ್ ಕೊಂಡಳು. ಮರುವರ್ಷವೇ ಡೆಂಗಿ ಜ್ವರ ಬಂದು ತೀರಿಕೊಂಡಳು. ಆ ಮೊಬೈಲ್‌ನಲ್ಲಿ ಅವಳ ಕೆಲವು ಫೋಟೋ ಇದ್ದವು, ತಾಯಿಯ ಜೊತೆ ತಮಾಷೆಗೆ ಮಾತಾಡಿ ರೆಕಾರ್ಡ್ ಮಾಡಿದ್ದ ದನಿ ಇತ್ತು. ಮೊಬೈಲ್ ಹಾಳಾಗತೊಡಗಿದಾಗ ವಿದ್ಯಾರ್ಥಿಗಳೇ ಅವನ್ನೆಲ್ಲ ಲ್ಯಾಬಿನ ಮೂಲೆಯ ಕಂಪ್ಯೂಟರಿಗೆ ಹಾಕಿಕೊಟ್ಟರು. ಇಲ್ಲಿದ್ದರೆ ಭದ್ರ ಆಂಟಿ ಎಂದರು. ಶನಿವಾರ ಕಸ ಗುಡಿಸಿದ ಮೇಲೆ ಗೋಪಾಲಮ್ಮ ಆ ಮೂಲೆಯಲ್ಲಿ ಕೂರುತ್ತಿದ್ದರು. ಯಾರಾದರೂ ಒಬ್ಬರು ಅವರ ಕಿವಿಗೆ ಹೆಡ್‌ಫೋನ್ ಇಟ್ಟು, ಮಗಳ ದನಿ ಹಾಕಿಕೊಟ್ಟು ಹೋಗುತ್ತಿದ್ದರು.

ಆ ರಜೆಯಲ್ಲಿ ಎಲ್ಲ ಯಂತ್ರಗಳನ್ನೂ ಒಂದೇ ಬ್ಯಾಕಪ್‌ನಿಂದ ಹೊಸದು ಮಾಡಲು ಮುನೀಂದ್ರ ಬಂದರು. ಗೋಪಾಲಮ್ಮ ದೇವನಹಳ್ಳಿಯ ಅಕ್ಕನ ಮನೆಗೆ ಹೋಗಿದ್ದರು. “ಬೇಕಾಗಿರೋದು ಏನಾದ್ರೂ ಇದೆಯಾ ಅಂತ ಆಫೀಸಲ್ಲಿ ಕೇಳ್ದೆ ಸಾರ್. ಏನಿಲ್ಲ, ಬರೀ ಹುಡುಗ್ರ ಕಸ, ಹೊಡೆದಾಕು ಅಂದ್ರು. ಹೊಡೆದಾಕ್ದೆ.”

ಜೂನ್‌ನಲ್ಲಿ ಯಾವುದೋ ಪ್ರಿಂಟರ್ ರಿಪೇರಿಗೆ ಬಂದಾಗ ಪೊರಕೆ ಹಿಡಿದ ಹೆಂಗಸು ಅವರನ್ನು ತಡೆದು ನಿಲ್ಲಿಸಿದರು. ಆ ಮಾತನ್ನು ಹೇಳುವಾಗ ಮುನೀಂದ್ರ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗುತ್ತಾರೆ. “ಸಾರ್, ನಮ್ ಪದ್ಮಂದು ಇತ್ತಲ್ಲ, ಎಲ್ಲಿಟ್ಟಿದೀರ ಅಂದ್ರು. ಎಲ್ಲಿ ಹೋಯ್ತು ಅನ್ಲಿಲ್ಲ. ನಾನು ತೆಗೆದು ಬೇರೆ ಕಡೆ ಜೋಪಾನವಾಗಿ ಇಟ್ಟಿದೀನಿ ಅನ್ಕೊಂಡಿದ್ರು.”

ಮುನೀಂದ್ರ ಆ ಯಂತ್ರದ ಡಿಸ್ಕ್ ಬಿಚ್ಚಿಕೊಂಡು ಮನೆಗೆ ಹೋದರು. ಹೊಸದು ಆವರಿಸದ ಜಾಗಗಳಲ್ಲಿ ಹಳೆಯದರ ಚೂರುಗಳು ಉಳಿದಿರಬಹುದೆಂಬ ಆಸೆ. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯವರು ಸುಮ್ಮನೆ ಬಿಡಿ ಎಂದರು. ಅವರು ಬಿಡಲಿಲ್ಲ. “ಅಷ್ಟು ದಿನ ನಮ್ಮನೇಲಿ ಟೀವಿ ಹಾಕ್ಲಿಲ್ಲ,” ಎನ್ನುತ್ತಾರೆ ಪತ್ನಿ ಶಿಲ್ಪ. “ಕಿವಿಗೆ ಹಾಕ್ಕೊಂಡು ಕೂತಿರೋರು. ಬರೀ ಕರಕರ ಸದ್ದು. ಊಟಕ್ಕೆ ಕರೆದ್ರೆ ತಡಿ, ಯಾರೋ ಮಾತಾಡ್ದಂಗಾಯ್ತು ಅನ್ನೋರು.”

ಕೊನೆಗೆ ಸಿಕ್ಕಿದ್ದು ಎರಡು. ಒಂದು ಫೋಟೋ, ಹಣೆಯವರೆಗೆ ಮಾತ್ರ. ಕೆಳಗೆಲ್ಲ ಬೂದು ಬಣ್ಣ. ಮತ್ತೊಂದು ದನಿಯ ತುಣುಕು. ಅದನ್ನು ಲ್ಯಾಬಿಗೆ ತಂದು ಗೋಪಾಲಮ್ಮನಿಗೆ ಕೇಳಿಸಿದರು. ಒಬ್ಬ ಹೆಂಗಸು ನಗುತ್ತಾ, “ಏನ್ ಮಾತಾಡ್ಲೇ, ಓಗೆ ಅತ್ಲಾಗೆ” ಎನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಅದು ಗೋಪಾಲಮ್ಮನದೇ ದನಿ. ಮಾತಾಡಮ್ಮ ಎಂದು ಮಗಳು ಕೇಳಿದ್ದ ಭಾಗ ಸಿಗಲಿಲ್ಲ.

ಗೋಪಾಲಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಪೊರಕೆ ಎತ್ತಿಕೊಂಡು ಹೊರಗೆ ಹೋದರು. ಮರುದಿನದಿಂದ ಕೆಳಗಿನ ಮಹಡಿಯ ಕೆಲಸ ಕೇಳಿ ಹಾಕಿಸಿಕೊಂಡರು.

ಅಂದಿನಿಂದ ಮುನೀಂದ್ರ ಯಾವ ಯಂತ್ರವನ್ನೂ ಕೇಳದೆ ಅಳಿಸುವುದಿಲ್ಲ. ಆಫೀಸನ್ನಲ್ಲ, ಹಿಂದಿನ ದಿನವೇ ಬಂದು ಆ ಯಂತ್ರದ ಮುಂದೆ ಕೂರುವವರನ್ನೇ ಕೇಳುತ್ತಾರೆ. ವಾಚ್‌ಮನ್, ಆಯಾಗಳನ್ನೂ ಬಿಡುವುದಿಲ್ಲ. ಕೆಲಸ ನಿಧಾನ ಎಂದು ಎರಡು ಕಾಲೇಜುಗಳು ಅವರನ್ನು ಕೈಬಿಟ್ಟಿವೆ. ತುಂಬಿಟ್ಟುಕೊಂಡದ್ದರಲ್ಲಿ ಬಹುಪಾಲನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಒಮ್ಮೊಮ್ಮೆ ಬರುತ್ತಾರೆ. ಟೈಪಿಂಗ್ ಕಲಿಸುವ ಮುಸರ್ರತ್, ತೀರಿಕೊಂಡ ಅಬ್ಬಾನ ಒಂದೇ ಒಂದು ವಿಡಿಯೋ ತನಗೆ ವಾಪಸ್ ಸಿಕ್ಕಿದ್ದು ಇವರಿಂದ ಎನ್ನುತ್ತಾರೆ.

ಮಂಡಿನೋವಿಗೆ ಕೆಲಸ ಬಿಟ್ಟ ಗೋಪಾಲಮ್ಮ ಯಲಹಂಕದ ಪಕ್ಕದ ಕೋಗಿಲಿನಲ್ಲಿ ಒಂಟಿ ಕೋಣೆಯಲ್ಲಿದ್ದಾರೆ. ಪ್ರತಿ ಯುಗಾದಿಗೆ ಮುನೀಂದ್ರ ಹೂವು ಹಣ್ಣು ಹಿಡಿದು ಅಲ್ಲಿಗೆ ಹೋಗುತ್ತಾರೆ. ಈ ಸಲ ಹಬ್ಬಕ್ಕೆ ಮುಂಚೆ ಒಂದು ದಿನ ನಾನೊಬ್ಬನೇ ಹೋಗಿ ಕುಳಿತೆ. “ಆವಪ್ಪನ ಮೇಲೆ ಕ್ವಾಪ ಇಲ್ಲ ಕಣಪ್ಪ. ಒಳ್ಳೇವ್ನು,” ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಆದ್ರೆ ಅವ್ನ ಮಕ ಕಂಡ್ರೆ ಅದೇ ಗ್ಯಾಪಕ ಬತ್ತದೆ. ಅಬ್ಬಕ್ಕೆ ನಾನು ಊರಲ್ಲಿರಕ್ಕಿಲ್ಲ ಅಂತ ಏಳ್ಬುಡಿ. ಬರ್ಬ್ಯಾಡ ಅಂತ ಮಾತ್ರ ಏಳ್ಬ್ಯಾಡಿ, ನೊಂದ್ಕೋತಾನೆ.”

ಇದನ್ನು ಮುನೀಂದ್ರ ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ, ಇವತ್ತು ಲ್ಯಾಬಿನಲ್ಲಿ, ಗೋಪಾಲಮ್ಮ ಈ ಸಲ ಹಬ್ಬಕ್ಕೆ ಊರಲ್ಲಿರುವುದಿಲ್ಲವಂತೆ ಎಂದಷ್ಟೇ ಹೇಳುತ್ತೇನೆ.

“ಗೊತ್ತು ಸಾರ್,” ಎನ್ನುತ್ತಾರೆ. “ಹೋದ್ಸಲಾನೂ ಬಾಗಿಲು ತೆಗೀಲಿಲ್ಲ. ಒಳಗಡೆ ಕುಕ್ಕರ್ ಕೂಗ್ತಿತ್ತು. ಹೊಸಿಲ ಮೇಲೆ ಹಣ್ಣು ಇಟ್ಟು ಬಂದೆ. ಇನ್ಮೇಲೆ ಹೋಗಲ್ಲ, ಬಿಡಿ.”

ಅವರು ಮುಂದಿನ ಯಂತ್ರದ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ದನಿ ಬರುತ್ತದೆ.

“ಗೋಪಾಲಮ್ಮಂದು ಹೋದ್ ಮೇಲೆ ನನ್ ಕೈಯಲ್ಲಿ ಇನ್ನೊಬ್ರದ್ದು ಹೋಗಿಲ್ಲ. ಅಷ್ಟು ಬರ್ಕೊಳಿ ಸಾರ್.”