ಆರು ಕಾಲಿನ ಜೀರುಂಡೆ

ಕೀಟಶಾಸ್ತ್ರದ ಮೇಷ್ಟ್ರ ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಟ್ಟ ಹೆಚ್ಚುಕಡಿಮೆ ಎಲ್ಲ ಜೀರುಂಡೆಗಳಿಗೂ ಐದೇ ಕಾಲು. ಆರನೆಯದನ್ನು ಡಿಎನ್‌ಎ ಪರೀಕ್ಷೆಗೆಂದು ಕಿತ್ತು ಅರೆದಾಗಿದೆ. ಈ ಸೀಮೆಯ ಜೀರುಂಡೆಗಳ ಪೂರ್ವಜರು ಯಾವ ಕಡಲು ದಾಟಿ ಬಂದರೆಂದು ಅವರು ಊಟಕ್ಕೆ ಕೂತವರನ್ನೂ ಬಿಡದೆ ಕೊರೆಯುತ್ತಾರೆ. ಸ್ವಂತ ಮುತ್ತಾತನ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಇಷ್ಟು ವರ್ಷ ಬೆಳೆಸಿದ ಅವರ ಜೀರುಂಡೆ ವಂಶವೃಕ್ಷವನ್ನು ಸಂಶೋಧನಾ ಪತ್ರಿಕೆಯವರು ಮತ್ತೆ ವಾಪಸು ಕಳಿಸಿದ್ದಾರೆ, ಈಗೆಲ್ಲೂ ಸಿಗದ ಹಸಿರು ಜೀರುಂಡೆಯ ಕೊಂಬೆ ಖಾಲಿಯಿದೆಯೆಂದು. "ಅಪ್ಪಾ, ಪೆಟ್ಟಿಗೇಲಿ ಒಂದು ಹಸಿರುದು ಇದೆಯಲ್ಲ, ಆರು ಕಾಲೂ ಹಾಗೇ ಇದೆ. ಒಂದು ಕೀಳ್ಲಾ?" ಎಂದು ಮಗಳು ಚಿಮುಟ ಎತ್ತಿದಳು. ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಮೇಲೆ ಕೈಯಿಟ್ಟರು. "ಬೇಡ ಕಣೆ. ನಿಮ್ಮಮ್ಮ ಕೊನೇ ಸಲ ಹಿಡಿದದ್ದು ಅದು. ಎಲ್ಲಿಂದಾದ್ರೂ ಬಂದಿರ್ಲಿ ಬಿಡು."