ಬಸ್ಸಿಳಿದು ನಡೆದ ನಮ್ಮಣ್ಣ

ಇವತ್ತು ನಡೆದದ್ದನ್ನು ಇವತ್ತೇ ಹೇಳಬೇಕು, ಗೆಳೆಯರೇ. ಧರ್ಮಪುರಿಯಿಂದ ಬರುವ ಬಸ್ಸಿನಲ್ಲಿ ನಮ್ಮಣ್ಣ ಮಾದಪ್ಪ ಕುರಿಮರಿ ಎತ್ತಿಕೊಂಡು ಕೂತಿದ್ದ. ಕಂಡಕ್ಟರ್ ಬಂದವನೇ ಕುರಿಗೆ ಜಾಗವಿಲ್ಲವೆಂದು ಗದರಿ, "ಇರಂಗುಯ್ಯಾ, ಕೀಳ ಇರಂಗು" ಎಂದು ತಮಿಳಿನಲ್ಲಿ ಕೆಳಗಿಳಿಯಲು ಹೇಳಿ ಅವನ ಭುಜ ಹಿಡಿದು ಎಳೆದ. ಪಕ್ಕದಲ್ಲಿ ಕೂತಿದ್ದ ಅತ್ತಿಗೆಯೂ ನಾನೂ ಅಣ್ಣನ ಕೈಯನ್ನೇ ನೋಡಿದೆವು.

ಹೋದ ವರ್ಷ ಇಷ್ಟೇ ಮಾತಿಗೆ ಅಣ್ಣ ಸಂತೆಯಲ್ಲಿ ಒಬ್ಬನ ಹಲ್ಲು ಉದುರಿಸಿ, ಆಮೇಲೆ ತಾನೇ ಕೂತು ಅತ್ತಿದ್ದ. ತಾಯಿತ ಕಟ್ಟಿಸಿ ಸಾಕಾಗಿ ಸೇಲಂನ ಡಾಕ್ಟರ ಹತ್ತಿರ ಕರೆದೊಯ್ದೆವು. "ಇದು ಕೆಟ್ಟ ಬುದ್ಧಿಯಲ್ಲ, ಕಾಯಿಲೆ" ಎಂದು ಅವರು ಮಾತ್ರೆ ಕೊಟ್ಟರು. ಸಿಟ್ಟು ಏರಿದಾಗ ಬಾಯಿ ತೆರೆಯದೆ ಎದ್ದು ನಡೆಯುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರು.

ಇವತ್ತು ಬಸ್ಸಿನಲ್ಲಿ ಅಣ್ಣ ಎದ್ದು ನಿಂತ. ಮರಿಯನ್ನು ಅವುಚಿಕೊಂಡು ಸುಮ್ಮನೆ ಇಳಿದುಬಿಟ್ಟ. ನಾವೂ ಹಿಂದೆಯೇ ಇಳಿದೆವು. ಅದಿಯಮಾನ್‌ಕೋಟೆ ಊರು ದಾಟುವವರೆಗೂ ಅವನು ಬಿರಬಿರನೆ ನಡೆದ.

"ಈಗ ಎಂಗೈತೆ?" ಅತ್ತಿಗೆ ಕೇಳಿದಳು.

"ಸಿಟ್ಟು ಇಳೀತು ಕಣಮ್ಮಿ. ಒಡೀಬೇಕು ಅನ್ನಿಸ್ತು, ಅಷ್ಟರಲ್ಲಿ ಕಾಲು ಎದ್ಬುಡ್ತು."

ಮದುವೆಯಾದ ಮೇಲೆ ಅತ್ತಿಗೆ ಅವನ ಪಕ್ಕದಲ್ಲಿ ನಗುತ್ತಾ ನಡೆದದ್ದನ್ನು ನಾನು ನೋಡಿದ್ದು ಇವತ್ತೇ. ಹೀಗೇ ಆದರೆ ಮನೆಯವರೆಲ್ಲರ ಚಪ್ಪಲಿ ಬೇಗ ಸವೆಯುತ್ತದೆ. ಸವೆಯಲಿ.